ವಿಭೂತಿ ಹಚ್ಚಿದ ಮಿಲ್ಲಿಂಗ್ ಮಷಿನ್

ಮನುಷ್ಯ ಮಾಡಿದ ಯಂತ್ರವನ್ನು ಮನುಷ್ಯನೇ ಬಿಚ್ಚಬಹುದು, ಬಿಚ್ಚಿದ್ದನ್ನು ಜೋಡಿಸಲೂಬಹುದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ಚೀಲ ಎಣಿಸುವ ನನಗೆ ಈ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಅದರ ಬಲದಿಂದಲೇ ಹಾವೇರಿಯಲ್ಲಿ ಮುಚ್ಚಿಹೋದ ವರ್ಕ್‌ಶಾಪೊಂದರಿಂದ ಹಳೆಯ ಮಿಲ್ಲಿಂಗ್ ಮಷಿನ್ ಕೊಂಡೆ. ತಿರುಗುವ ಹಲ್ಲಿನ ಕಟರಿನಿಂದ ಕಬ್ಬಿಣ ಕೊರೆಯುವ ಯಂತ್ರ ಅದು. ಕುಪ್ಪೇಲೂರಿನ ನಮ್ಮ ಹಿತ್ತಲಿನ ಶೆಡ್ಡಿನ ಮುಂದೆ ಇಳಿಸುವಾಗ ಹಗ್ಗ ಹರಿಯಿತು. ಧಡ್!

"ಬಿತ್ತಲ್ಲೋ ಮೆಹಬೂಬಸಾಬ!" ಎಂದು ಕೂಗಿದೆ.

"ಬಿದ್ದಿಲ್ಲರಿ. ಸ್ವಲ್ಪ ಲಗೂ ಇಳದೈತಿ," ಎಂದ, ಟೆಂಪೋ ಓಡಿಸುವ ನಮ್ಮ ಪಕ್ಕದ ಮನೆಯ ಮೆಹಬೂಬಸಾಬ.

ಹೀಗೆ ಅವಸರದಲ್ಲಿ 'ಲಗೂ' ಇಳಿದಿದ್ದರಿಂದ ಹಿಡಿಕೆ ಮುರಿದಿತ್ತು, ಗೇರಿನ ಪೆಟ್ಟಿಗೆ ಬಿರುಕು ಬಿಟ್ಟಿತ್ತು. ನಾನೇ ಪೂರ್ತಿ ಬಿಚ್ಚಿ ದುರಸ್ತಿ ಮಾಡುವುದೆಂದು ಘೋಷಿಸಿದೆ. ಹೆಂಡತಿ ಗಿರಿಜಾ ಇದನ್ನು ನಂಬಿಬಿಟ್ಟಳು! ಬ್ಯಾಡಗಿಯಲ್ಲಿ ಅವಳ ತಮ್ಮನ ಖಾರ ಕುಟ್ಟುವ ಯಂತ್ರದ ಶಾಫ್ಟ್ ಮುರಿದು, ಹಂಗಾಮಿನಲ್ಲೇ ಕೆಲಸ ನಿಂತಿತ್ತು. ಹೊಸ ಶಾಫ್ಟಿಗೆ ಕೀಲು ಕೂರುವಷ್ಟು ಒಂದು ಕಚ್ಚು ಕೊರೆದುಕೊಡಬೇಕಿತ್ತು, ಅಷ್ಟೇ.

"ಬ್ಯಾರೆ ಯಾರಿಗೂ ಕೊಡಬ್ಯಾಡೋ, ನಮ್ಮ ಮನ್ಯಾರು ಮಾಡಿಕೊಡ್ತಾರ," ಎಂದು ಫೋನಿನಲ್ಲಿ ಹೇಳಿ, ನನ್ನ ಕಡೆ ತಿರುಗಿದಳು. "ಮಾತು ಕೊಟ್ಟೇನಿ. ತವರುಮನ್ಯಾಗ ನನ್ನ ಮರ್ಯಾದಿ ಕಳೀಬ್ಯಾಡ್ರಿ."

ಮರುದಿನವೇ ಶಾಫ್ಟ್ ಬಸ್ಸಿನಲ್ಲಿ ಬಂತು.

ಬಿಚ್ಚುವುದು ಸುಲಭ. ಆ ಬುದ್ಧಿಯನ್ನು ದೇವರು ಎಲ್ಲರಿಗೂ ಕೊಟ್ಟಿದ್ದಾನೆ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಗುರುತು ಹಾಕಲು ಹೋದರೆ ಸೀಮೆಸುಣ್ಣ ಎಣ್ಣೆಯ ಮೇಲೆ ನಿಲ್ಲಲಿಲ್ಲ. ಆಗ ಹೊಳೆಯಿತು ಉಪಾಯ! ದೇವರ ಕೋಣೆಯಿಂದ ಬಟ್ಟಲುಗಳನ್ನು ತಂದು ಎಡಗಡೆಯವಕ್ಕೆ ವಿಭೂತಿ, ಬಲಗಡೆಯವಕ್ಕೆ ಕುಂಕುಮ ಹಚ್ಚಿದೆ. ಮೋಟಾರಿನ ಮೂರು ವೈರುಗಳಿಗೆ ಕ್ರಮವಾಗಿ ವಿಭೂತಿ, ಕುಂಕುಮ, ಅರಿಶಿನ. ಇಂಥ ತಾಂತ್ರಿಕ ಪದ್ಧತಿ ಬೇರೆ ಯಾವ ದೇಶದಲ್ಲೂ ಇಲ್ಲವೆಂದು ಹೆಮ್ಮೆಪಡುತ್ತ, ಬಿರುಕಿಗೂ ಮುರಿದ ಹಿಡಿಕೆಗೂ ವೆಲ್ಡಿಂಗ್ ಮಾಡಿಸಿ, ಬೆಳಿಗ್ಗೆ ಗೋದಾಮಿಗೆ ಹೋದೆ.

ಸಂಜೆ ಬಂದರೆ ಶೆಡ್ಡಿನಲ್ಲಿ ಊದಿನಕಡ್ಡಿಯ ಘಮಘಮ! ಪ್ರತಿಯೊಂದು ಗೇರಿಗೂ ವಿಭೂತಿಯ ಪಟ್ಟೆ, ನಡುವೆ ಕುಂಕುಮ, ಕೆಳಗೆ ಅರಿಶಿನ, ಮೇಲೆ ಹೂವು. ಮೂರು ವೈರುಗಳಿಗೂ ಮೂರೂ!

"ಏನಿದು?" ಎಂದೆ.

"ಇವತ್ತ ಅಮಾಸಿ ಅಲ್ಲೇನ್ರಿ? ಮಷಿನ್ ಪೂಜಿ ಮಾಡಬ್ಯಾಡೇನು? ನೀವು ಅರ್ಧಾಮರ್ಧ ಹಚ್ಚಿ ಹೋಗಿದ್ರಿ. ಒಂದಕ್ಕ ವಿಭೂತಿ ಐತಿ, ಕುಂಕುಮ ಇಲ್ಲ. ಇನ್ನೊಂದಕ್ಕ ಕುಂಕುಮ ಐತಿ, ವಿಭೂತಿ ಇಲ್ಲ. ನಾ ಎಲ್ಲಾದಕ್ಕೂ ಪೂರಾ ಹಚ್ಚೇನಿ!"

ಎಡ-ಬಲವೆಂಬ ಭೇದ ಅಳಿದುಹೋಗಿತ್ತು. ನನ್ನ ಭಕ್ತಿಯನ್ನು ಮೆಚ್ಚಿ ನಿಂತವಳಿಗೆ ಅದು ಭಕ್ತಿಯಲ್ಲವೆಂದು ಹೇಗೆ ಹೇಳಲಿ? "ಛಲೋ ಮಾಡೀದಿ," ಎಂದೆ.

ನೆನಪಿನ ಮೇಲೆ ಜೋಡಿಸಿದೆ. ಹಿಡಿಕೆಯನ್ನು ಬಲಕ್ಕೆ ತಿರುಗಿಸಿದರೆ ಟೇಬಲ್ಲು ಎಡಕ್ಕೆ ಹೋಯಿತು. ಹೋಗಲಿ, ಒಟ್ಟಿನಲ್ಲಿ ಹೋಯಿತಲ್ಲ! ಶಾಫ್ಟ್ ಬಿಗಿದು ಸ್ವಿಚ್ ಒತ್ತಿದೆ. ವೈರು ಅದಲುಬದಲಾಗಿದ್ದರಿಂದ ಕಟರು ಉಲ್ಟಾ ತಿರುಗತೊಡಗಿತು. ಹಲ್ಲಿನ ಬೆನ್ನು ಶಾಫ್ಟಿಗೆ ಉಜ್ಜಿ ಶೆಡ್ಡಿನ ತುಂಬ ಹೊಗೆ.

"ಇದು ಕೊರಿಯಾಕತ್ತೈತೋ, ಸುಡಾಕತ್ತೈತೋ?" ಎಂದು ಗಿರಿಜಾ ಕೆಮ್ಮಿದಳು.

"ಕಬ್ಬಿಣ ಮೊದಲು ಕಾಯಬೇಕು," ಎಂದು ಗಂಭೀರವಾಗಿ ಅಪ್ಪಣೆ ಕೊಡಿಸಿದೆ.

ಠಣ್! ಕಟರಿನ ಹಲ್ಲು ಮುರಿದು, ತಗಡಿಗೆ ಬಡಿದು, ಹಿತ್ತಲಿಗೆ ಹಾರಿತು. ಮೆಹಬೂಬಸಾಬನ ಕೋಳಿಗಳು ಅದನ್ನು ಕುಕ್ಕಿ ನೋಡಿ, ಉಪಯೋಗವಿಲ್ಲವೆಂದು ಬಿಟ್ಟುಹೋದವು. ಗಿರಿಜಾ ಮಷಿನ್ನಿನಿಂದ ಉದುರಿದ ಹೂವುಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಮುಖ ನೋಡಿ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಬೆಳಗಾದೊಡನೆ ಶಾಫ್ಟನ್ನು ಗೋಣಿಚೀಲಕ್ಕೆ ತುರುಕಿ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಅಲ್ಲಿನ ವರ್ಕ್‌ಶಾಪಿನಲ್ಲಿ ಕಚ್ಚು ಕೊರೆಸಿ, ಬಸ್‌ಸ್ಟ್ಯಾಂಡಿನಿಂದಲೇ ಬ್ಯಾಡಗಿಗೆ ಕಳಿಸಿಬಿಟ್ಟೆ. ಸಂಜೆ ಖಾರದ ಯಂತ್ರ ಶುರುವಾದ ಸುದ್ದಿ ಬಂತು. ಗಿರಿಜಾ ನನ್ನ ಕಡೆ ನೋಡದೆ ಫೋನಿನಲ್ಲಿ ತಾಯಿಗೆ ಹೇಳುತ್ತಿದ್ದಳು:

"ಹೌದವ್ವಾ, ಅವರ ಮಾಡ್ಯಾರ. ಅವರಿಗೇನು ದೊಡ್ಡ ಕೆಲಸ ಅದು? ಮತ್ತೇನಾರ ಕೆಟ್ಟಿದ್ರ ಕಳಸ್ರಿ!"

ಕಳಿಸಿದರು. ದೊಡ್ಡಪ್ಪನ ಪುಲ್ಲಿ, ಸೋದರಮಾವನ ಗೇರು, ಅವರ ಬೀಗರ ಮನೆಯ ಪಂಪು! ಬ್ಯಾಡಗಿಯಲ್ಲಿ ಈಗ ನಾನು ಭಾರಿ ಇಂಜಿನಿಯರು. ಪ್ರತಿಯೊಂದನ್ನೂ ಗೋಣಿಚೀಲದಲ್ಲಿ ಹೊತ್ತು ರಾಣೆಬೆನ್ನೂರಿನ ಬಸ್ಸು ಹತ್ತಿದಾಗ ಕಂಡಕ್ಟರ್ ಎಲ್ಲರಿಗೂ ಕೇಳುವಂತೆ ಕರೆಯುತ್ತಾನೆ:

"ಬರ್ರಿ ಇಂಜಿನಿಯರ್ ಸಾಹೇಬ್ರ! ಇವತ್ತ ಯಾರ್ದು ರಿಪೇರಿ ಮಾಡಾಕ ಹೊಂಟೀರಿ?"