ಮಾವನ ಹೊಟ್ಟೆಯೊಳಗಿನ ಮಂಜು

ಕನ್ನಡಕ ಹಾಕಿಕೊಂಡು ಬಿಸಿ ಕಾಫಿ ಕುಡಿಯುವವರಿಗೆ ನನ್ನ ವೃತ್ತಿಯ ಕಷ್ಟ ಅರ್ಧವಾದರೂ ಅರ್ಥವಾದೀತು. ನಾನು ತಿಪಟೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರು. ಹೊಟ್ಟೆ ಕುಯ್ಯದೆ ಸಣ್ಣ ತೂತುಗಳಿಂದಲೇ ಮಾಡುವ ಆಪರೇಷನ್ನುಗಳಲ್ಲಿ ಕ್ಯಾಮರಾ ಹಿಡಿಯುವುದು ನನ್ನ ಕೆಲಸ. ಅಷ್ಟೆಲ್ಲ ಓದಿ ಕಡೆಗೆ ಸಿಕ್ಕ ಪದವಿ, ಮದುವೆ ಮನೆಯ ವಿಡಿಯೋದವನದು. ಅವನಿಗಾದರೂ ಊಟ ಹಾಕುತ್ತಾರೆ, ನನಗೆ ಬೈಗುಳ. ತಣ್ಣಗಿರುವ ಲೆನ್ಸು ಬೆಚ್ಚಗಿನ ಹೊಟ್ಟೆಗೆ ಇಳಿದ ಕೂಡಲೇ ಮಂಜು ಹಿಡಿಯುತ್ತದೆ. ಈಚೆ ತೆಗೆದು, ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಮತ್ತೆ ಇಳಿಸಬೇಕು. ಅಷ್ಟು ಹೊತ್ತೂ ಸರ್ಜನ್ ಸಾಹೇಬರು ನನ್ನನ್ನು ನೋಡುವ ನೋಟ ಮಾತ್ರ ಬಹಳ ಸ್ಪಷ್ಟವಾಗಿರುತ್ತದೆ.

ಹೊನ್ನವಳ್ಳಿಯ ನನ್ನ ಸೋದರಮಾವನಿಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ಹೊಟ್ಟೆ ಕುಯ್ಯುವುದಾದರೆ ಕಲ್ಲಿನ ಜೊತೆಗೇ ಸಾಯುತ್ತೇನೆ ಎಂದು ಅವರು ಕೂತುಬಿಟ್ಟರು. ನಾನು ವಿದ್ಯಾವಂತನಲ್ಲವೇ, ಮಾವನಿಗೂ ಅತ್ತೆಗೂ ಹೊಟ್ಟೆಯ ಚಿತ್ರ ಬರೆದು ಪಾಠ ಮಾಡಿದೆ: ಹೊಕ್ಕುಳಲ್ಲಿ ಒಂದು ಕೊಳವೆ ತೂರಿಸಿ ಅದರೊಳಗಿಂದ ಕ್ಯಾಮರಾ ಇಳಿಸುತ್ತೇವೆ, ಪಕ್ಕದಲ್ಲಿ ಇನ್ನೆರಡು ಮೂರು ಸಣ್ಣ ತೂತು, ಅಷ್ಟೇ. ಮಾವ ನನ್ನ ಮುಖವನ್ನೇ ನೋಡಿ, "ನಿನ್ ಮಾತ್ ನಂಬ್ಕೊಂಡು ಬತ್ತೀನಿ ಕಣ್ಲಾ" ಎಂದರು.

ಆಪರೇಷನ್ ದಿನ ಕ್ಯಾಮರಾ ಇಳಿಸಿದರೆ ಎದುರಿನ ಟಿವಿ ಪರದೆಯ ತುಂಬ ಧನುರ್ಮಾಸದ ಬೆಳಗು. ತೆಗೆದೆ, ಅದ್ದಿದೆ, ಒರೆಸಿದೆ, ಇಳಿಸಿದೆ. ಮತ್ತೆ ಅದೇ. ಪಿತ್ತಕೋಶ ಎಲ್ಲೋ ಹಸಿರು ಮುದ್ದೆಯಾಗಿ ತೇಲುತ್ತಿತ್ತು. ಕಾಣದೆ ಕತ್ತರಿ ಆಡಿಸುವಂತಿಲ್ಲ. "ಇನ್ನೊಂದ್ಸಲ ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಹೊಟ್ಟೆ ಓಪನ್ ಮಾಡೋಣ" ಎಂದರು ಸರ್ಜನ್. ಎಚ್ಚರವಾದ ಮೇಲೆ ಮಾವ ಉದ್ದದ ಹೊಲಿಗೆ ನೋಡಿಕೊಂಡರೆ ನಾನು ಇನ್ನು ಹೊನ್ನವಳ್ಳಿಯ ಬಸ್ಸು ಹತ್ತುವ ಹಾಗಿಲ್ಲ. ಲೆನ್ಸು ಒರೆಸಿದ ಬಟ್ಟೆಯ ಮೇಲೆ ಕಣ್ಣು ಬಿತ್ತು. ವಡೆ ಕಟ್ಟಿದ ಕಾಗದದಲ್ಲಿರುವಂಥ ಜಿಡ್ಡಿನ ಕಲೆ. ಮಂಜಲ್ಲ, ಎಣ್ಣೆ. ಆಪರೇಷನ್ನಿಗೆ ಮುಂಚೆ ಹೊಟ್ಟೆಗೆ ಔಷಧಿ ಬಳಿದು ಒರೆಸಿದ್ದೇನೋ ನಿಜ, ಆದರೆ ಮಾವನ ಹೊಕ್ಕುಳು ಬಾವಿಯಂಥದ್ದು. ತಳದಲ್ಲಿ ಉಳಿದಿದ್ದ ಎಣ್ಣೆ ಕೊಳವೆಗೆ ಮೆತ್ತಿಕೊಂಡು, ಇಳಿದಾಗಲೆಲ್ಲ ಲೆನ್ಸಿಗೆ ಬಳಿಯುತ್ತಿತ್ತು. ಹೊಕ್ಕುಳನ್ನು ಮತ್ತೆ ಉಜ್ಜಿ, ಕೊಳವೆ ಬದಲಿಸಿ ಇಳಿಸಿದೆ. ಪಿತ್ತಕೋಶ ನಿಚ್ಚಳವಾಗಿ ಕಂಡಿತು, ಕಲ್ಲಿನ ಸಮೇತ ಈಚೆಗೂ ಬಂತು. ನಿಜ ಹೇಳಬೇಕೆಂದರೆ ನನಗೆ ಅಳುವೇ ಬಂದಿತ್ತು.

ಆಚೆ ಬಂದು ಅತ್ತೆಯನ್ನು ಕೇಳಿದೆ. ಅವರಲ್ಲಿ ಮುಚ್ಚುಮರೆಯಿಲ್ಲ. "ಹೂಂ ಕಣಪ್ಪ, ನಮ್ ತೋಟದ್ ಕೊಬ್ರಿ ಎಣ್ಣೆ. ಹೊಕ್ಳಿಂದ ಕೊಳವೆ ಹೋಗ್ತದೆ ಅಂತ ನೀನೇ ಅಂದ್ಯಲ್ಲ, ಸಲೀಸಾಗ್ ಹೋಗ್ಲಿ ಅಂತ ಬುಟ್ಟೆ. ನರ್ಸಮ್ಮ ಒರೆಸ್ಬುಟ್ಳು. ಅವ್ಳು ಆ ಕಡೆ ಹೋದ್ಮೇಲೆ ಇನ್ನೊಂದ್ ಚೂರ್ ಬುಟ್ಟೆ." ನನ್ನ ಪಾಠವನ್ನು ಇಷ್ಟು ಶ್ರದ್ಧೆಯಿಂದ ಕೇಳಿದವರು ಇನ್ನೊಬ್ಬರಿಲ್ಲ.

ಮಾವ ಈಗ ಗಟ್ಟಿಮುಟ್ಟಾಗಿದ್ದಾರೆ. ನೋಡಲು ಬಂದವರಿಗೆಲ್ಲ ಅಂಗಿ ಎತ್ತಿ ಗುರುತು ತೋರಿಸಿ, ಸರ್ಜನ್ನರ ಕೈಗುಣವನ್ನೂ ಅತ್ತೆಯ ಎಣ್ಣೆಯನ್ನೂ ಹೊಗಳುತ್ತಾರೆ. ಮೊನ್ನೆ ನಾನೂ ಅಲ್ಲೇ ಕೂತಿದ್ದೆ. ಸಂಪಿಗೆ ಊರಿನಿಂದ ಬಂದಿದ್ದ ನೆಂಟರೊಬ್ಬರು, ನಿಮ್ಮ ಅಳಿಯನೂ ಅದೇ ಆಸ್ಪತ್ರೆಯ ಡಾಕ್ಟರಲ್ಲವೇ ಎಂದು ಕೇಳಿದರು. ಮಾವ ಪ್ರೀತಿಯಿಂದಲೇ ನನ್ನ ಬೆನ್ನು ತಟ್ಟಿ ಹೇಳಿದರು:

"ಅವ್ನೂ ಒಳಗೇ ಇದ್ದ ಕಣ್ರೀ. ಟಿವಿ ನೋಡ್ಕೊಂಡ್ ನಿಂತಿದ್ನಂತೆ."