ಡಾಲರು ರೂಪಾಯಿ ಆಗುವಷ್ಟರಲ್ಲಿ

ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನೇ ಪಾಸ್‌ಬುಕ್ ಹಿಡಿದುಕೊಂಡು ಬರುತ್ತದೆ. ನನ್ನ ಪಾಲಿಗಂತೂ ಅದು ಪರದೇಶದ ರೊಕ್ಕದ ರೂಪದಲ್ಲಿ ಬಂತು. ಒಮ್ಮೆ ಹುಬ್ಬಳ್ಳಿಯಲ್ಲಿ ವಿದೇಶಿ ಹಣದ ಬಗ್ಗೆ ಒಂದು ದಿನದ ತರಬೇತಿ ಇತ್ತು. ಬೇರೆ ಯಾರೂ ಒಪ್ಪದ ಕಾರಣ ನನ್ನನ್ನು ಅಟ್ಟಿದರು. ಮಧ್ಯಾಹ್ನದ ಊಟ ಚೆನ್ನಾಗಿತ್ತು ಅನ್ನುವುದನ್ನು ಬಿಟ್ಟರೆ ಅಲ್ಲಿ ಕಲಿತದ್ದು ನನಗೆ ಹೆಚ್ಚು ನೆನಪಿಲ್ಲ. ಆದರೂ ಮುಂದೆ ಯಾವ ಶಾಖೆಗೆ ವರ್ಗವಾದರೂ ನನಗಿಂತ ಮೊದಲೇ ಸುದ್ದಿ ಮುಟ್ಟಿರುತ್ತಿತ್ತು: "ಡಾಲರ್ ಸಾಹೇಬ್ರು ಬರಾಕತ್ತಾರಂತ."

ನಮ್ಮ ಕಡೆಯ ಜನ ಇಂಟರ್ನೆಟ್ ಮೇಲೆ ಪರದೇಶದವರ ಜತೆ ವ್ಯವಹಾರಕ್ಕೆ ಇಳಿದಿದ್ದು ಆಗಷ್ಟೇ. ಅಲ್ಲಿ ಡಾಲರಾಗಿ ಹೊರಟ ರೊಕ್ಕ ನಮ್ಮಲ್ಲಿಗೆ ಬರುವಷ್ಟರಲ್ಲಿ ರೂಪಾಯಿ ಆಗಿರಬೇಕು. ಎಲ್ಲ ಫಜೀತಿಯೂ ಆ ದಾರಿಯಲ್ಲೇ.

ಭಿಕ್ಷಾ ಹಾಕ್ಯಾರ

ಬಾದಾಮಿಯಲ್ಲಿದ್ದಾಗ ಒಬ್ಬ ಗೈಡ್ ಪರಿಚಯವಾದ. ಪರದೇಶದ ಪ್ರವಾಸಿಗರಿಗೆ ಗುಹೆ ತೋರಿಸಿ, ಮಹಾಕೂಟಕ್ಕೂ ಕರೆದುಕೊಂಡು ಹೋಗುತ್ತಿದ್ದ. ಒಬ್ಬ ಜರ್ಮನಿಯವನು ಇಡೀ ದಿನ ತಿರುಗಾಡಿ, "ಕೈಯಲ್ಲಿ ನಗದು ಇಲ್ಲ, ಊರಿಗೆ ಹೋಗಿ ಇಂಟರ್ನೆಟ್‌ನಲ್ಲಿ ಕಳಿಸುತ್ತೇನೆ" ಎಂದು ಹೇಳಿ ಹೋಗಿದ್ದ. ಅದಕ್ಕಾಗಿ ಗೈಡ್ ಪರದೇಶದಿಂದ ರೊಕ್ಕ ತರಿಸಿಕೊಡುವ ಒಂದು ಆನ್‌ಲೈನ್ ಕಂಪನಿಯಲ್ಲಿ ಹೆಸರು ಬರೆಸಿ, ನಮ್ಮ ಬ್ಯಾಂಕಿನ ಖಾತೆ ನಂಬರ್ ಕೊಟ್ಟಿದ್ದ.

ಒಂದು ದಿನ ಕೆಂಡವಾಗಿ ಬಂದ.

"ಸರ, ನೋಡ್ರಿ ಇಲ್ಲೆ! ಒಂದ್ ರೂಪಾಯಿ ಚಿಲ್ಲರ ಹಾಕ್ಯಾನ. ಮತ್ತೊಮ್ಮೆ ಒಂದ್ ರೂಪಾಯಿ ಚಿಲ್ಲರ! ಬಿಸಲಾಗ ಅಷ್ಟು ಮೆಟ್ಲ ಹತ್ತಿಸೇನಿ, ಭಿಕ್ಷಾ ಹಾಕಿದಂಗ ಹಾಕ್ಯಾನಲ್ರಿ!"

ನನಗೆ ವಿಷಯ ತಿಳಿಯಿತು. ಖಾತೆ ಖರೇನೇ ಇವನದೋ ಅಲ್ಲವೋ ಎಂದು ನೋಡಲು ಕಂಪನಿಯವರು ಮೊದಲು ಹೀಗೆ ಚಿಲ್ಲರೆ ಹಾಕುತ್ತಾರೆ. ಎಷ್ಟು ಬಂತು ಎಂದು ಇವನು ತಿಳಿಸಿದರೆ ಮಾತ್ರ ಅಸಲು ವ್ಯವಹಾರ ಶುರು.

"ಅಂವ ಹಾಕಿಲ್ಲೋ ಮಾರಾಯಾ. ಇದು ಕಂಪನಿಯವರು ಮಾಡೂ ಪರೀಕ್ಷಾ."

ಗೈಡ್ ಹಣೆ ಚಚ್ಚಿಕೊಂಡ. "ಅಯ್ಯಯ್ಯ! ನಾ ಅವಗ ಮುಂಜಾನೆನ ಇ-ಮೇಲ್ ಬರದು ಮಾನಾ ಕಳದೇನಲ್ರಿ ಸರ!"

ಇನ್ನು ಆ ಗಿರಾಕಿ ಹೋದ ಹಾಗೆಯೇ ಎಂದು ಅವನು ನಾಲ್ಕು ದಿನ ಮಂಕಾಗಿ ತಿರುಗಿದ. ಐದನೆಯ ದಿನ ಜರ್ಮನಿಯಿಂದ ಉತ್ತರ ಬಂತು: ಕ್ಷಮಿಸಬೇಕು, ಕಳಿಸುವುದನ್ನೇ ಮರೆತುಬಿಟ್ಟಿದ್ದೆ, ನೀನು ಬೈದದ್ದು ಒಳ್ಳೆಯದಾಯಿತು, ಒಪ್ಪಿದ್ದಕ್ಕಿಂತ ಹೆಚ್ಚು ಕಳಿಸಿದ್ದೇನೆ.

ಗೈಡ್ ಪೇಡೆ ಹಿಡಿದುಕೊಂಡು ಬ್ಯಾಂಕಿಗೆ ಬಂದ. "ಸರ, ಆ ಕಂಪನಿಯವರಿಗೆ ನೀವ ಒಂದ್ ಮಾತು ಹೇಳ್ರಲಾ. ತಿಂಗಳಿಗೊಮ್ಮೆ ಹಿಂಗ ಪರೀಕ್ಷಾ ಮಾಡ್ಕೋತ ಇರ್ರಿ ಅಂತ."

ಮುಟ್ಟಿ ನೋಡುವ ರೊಕ್ಕ

ಅಲ್ಲಿಂದ ಇಳಕಲ್ಲಿಗೆ ವರ್ಗವಾಯಿತು. ಅಲ್ಲೊಂದು ನೇಕಾರರ ಮನೆ. ಅತ್ತೆ ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದಲ್ಲೇ ಬೆಳೆದವಳು, ಸೊಸೆ ಬಿ.ಎ. ಓದಿದವಳು. ಈ ಸೊಸೆ ಸೀರೆಗಳ ಫೋಟೋ ತೆಗೆಸಿ ಇಂಟರ್ನೆಟ್ಟಿಗೆ ಹಾಕಿದಳು. ಅಮೇರಿಕಾದ ಹೆಂಗಸೊಬ್ಬಳು ಕೆಂಪು ಸೆರಗಿನದೊಂದು ಸೀರೆ ಕೊಂಡಳು. ರೊಕ್ಕ ಬಂತೆಂದು ತಿಳಿದ ದಿನ ಅತ್ತೆ ಸೊಸೆ ಇಬ್ಬರೂ ಬ್ಯಾಂಕಿಗೆ ಬಂದರು. ಅತ್ತೆಯ ಕೈಯಲ್ಲಿ ಬಟ್ಟೆಯ ಚೀಲ.

"ಸಾಹೇಬ್ರ, ನಮ್ಮ ಡಾಲರ್ ಕೊಡ್ರಿ."

"ಅವ್ವಾರ, ಅವು ರೂಪಾಯಿ ಆಗಿ ಖಾತೆಕ್ಕ ಜಮಾ ಆಗ್ಯಾವರಿ."

"ಜಮಾ ಆಗ್ಲಿ. ಒಮ್ಮೆ ತೋರಸ್ರಿ, ನೋಡಿ ಹೊಳ್ಳಿ ಕೊಡ್ತೇನಿ."

"ಅವು ಇಲ್ಲಿಗೆ ಬರೂದ ಇಲ್ಲರಿ. ಬರೇ ಲೆಕ್ಕ ಬರ್ತೈತಿ."

ಅವ್ವ ಸೊಸೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. "ಕಣ್ಣಿಗೆ ಕಾಣದ ರೊಕ್ಕಕ್ಕ ನನ್ನ ಮಗ ಎಂಟ್ ದಿನ ಮಗ್ಗದ ಮುಂದ ಕುಂತನೇನ್ರಿ?"

ನಾನು ಜಾಣನಂತೆ ಹೇಳಿದೆ: "ಆಕೀನೂ ನಿಮ್ಮ ಸೀರಿ ಮುಟ್ಟಿ ನೋಡಿಲ್ಲಲ್ರಿ ಅವ್ವಾರ. ಫೋಟೋ ನೋಡಿ ನಂಬ್ಯಾಳ."

ಅವ್ವ ತಲೆದೂಗಿದಳು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಅಂದಳು: "ಹಂಗಾದ್ರ ಡಾಲರಿಂದೂ ಒಂದ್ ಫೋಟೋನರ ತೋರಸ್ರಿ."

ಹಾದಿಯೊಳಗಿನ ಖರ್ಚು

ಮುಂದಿನ ಸಲ ಅದೇ ಸೊಸೆ ಒಂದೇ ಗಿರಾಕಿಗೆ ನಾಲ್ಕು ಸೀರೆ ಮಾರಿದಳು. ಪೇಪರಿನಲ್ಲಿದ್ದ ಡಾಲರ್ ದರ ನೋಡಿ, ಗುಣಿಸಿ, ಇಷ್ಟು ಬರುತ್ತದೆ ಎಂದು ಮನೆಯಲ್ಲಿ ಹೇಳಿದ್ದಳು. ಬಂದದ್ದು ಅದಕ್ಕಿಂತ ಕಡಿಮೆ.

ಅವ್ವ ಜಗಳ ತೆಗೆಯಲಿಲ್ಲ. ಜಗಳ ತೆಗೆದಿದ್ದರೆ ಚಲೋ ಇತ್ತು. ಮಾತೇ ಬಿಟ್ಟುಬಿಟ್ಟಳು. ಸೊಸೆ ಚಹಾ ಕೊಟ್ಟರೆ ಮುಖ ನೋಡದೆ ಕುಡಿಯುವುದು, ರೊಟ್ಟಿ ಹಾಕಿದರೆ ಗೋಡೆ ನೋಡಿಕೊಂಡು ಉಣ್ಣುವುದು. ಉಳಿದ ರೊಕ್ಕ ತವರಿಗೆ ಹೋಗಿದೆ ಎಂದು ಓಣಿಯವರು ಬೇರೆ ಕಿವಿ ಊದಿದರು. ಕಡೆಗೆ ಸೊಸೆಯೇ ಅತ್ತೆಯನ್ನು ನನ್ನ ಮುಂದೆ ತಂದು ಕೂಡಿಸಿದಳು. "ಸರ, ನೀವ ಹೇಳ್ರಿ" ಅಂದಳು. ಕಣ್ಣು ತುಂಬಿದ್ದವು.

ನಾನು ದರ, ಕಮಿಷನ್ ಎಂದು ಒದರಿದ್ದು ಅವ್ವನ ತಲೆಗೆ ಹೋಗಲಿಲ್ಲ. ಆಮೇಲೆ ಒಂದು ದಾರಿ ಹೊಳೆಯಿತು.

"ಅವ್ವಾರ, ಬಾಗಲಕೋಟಿಯಿಂದ ನಿಮ್ಮ ಮೊಮ್ಮಗನ ಕೈಯಾಗ ರೊಕ್ಕ ಕೊಟ್ಟು ಬಸ್ಸಿಗೆ ಹತ್ತಿಸಿದ್ರು ಅನ್ರಿ. ಬಸ್ಸು ಅಮೀನಗಡದಾಗ ನಿಂತ್ರ ಏನ್ ಮಾಡ್ತಾನ?"

"ಏನ್ ಮಾಡ್ತಾನ, ಇಳದು ಕರದಂಟು ತಿಂತಾನ."

"ಇಳಕಲ್ಲಿಗೆ ಬರೂದ್ರಾಗ ರೊಕ್ಕ ಕಮ್ಮಿ ಆಗಿರ್ತೈತಿಲ್ಲ? ಡಾಲರೂ ಹಂಗ. ಹಾದ್ಯಾಗ ಕಂಪನಿ ಒಂದೀಟು ತಿಂತೈತಿ, ಬ್ಯಾಂಕ್ ಒಂದೀಟು ತಿಂತೈತಿ. ನಿಮ್ಮ ಸೊಸಿ ಒಂದ್ ಪೈಸಾ ಮುಟ್ಟಿಲ್ಲ."

ಅವ್ವ ಸೆರಗಿನಿಂದ ಸೊಸೆಯ ಕಣ್ಣು ಒರೆಸಿ, "ನನಗರೆ ಏನ್ ಗೊತ್ತಿತ್ತವಾ" ಅಂದಳು. ಅವ್ವ ಎದ್ದು ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಸಾಹೇಬ್ರ, ಮುಂದಿನ ಸಲ ನಮ್ಮ ರೊಕ್ಕ ನಾನ್‌ಸ್ಟಾಪ್ ಬಸ್ಸಿಗೆ ಹಾಕಸ್ರಿ!"

ಮಾಸ್ತರರ ಮರುದಿನ

ನಾನು ಬಾಗಲಕೋಟೆಯ ಶಾಖೆಯಲ್ಲಿದ್ದಾಗ ಆ ಊರಿನಲ್ಲಿ ಒಬ್ಬ ನಿವೃತ್ತ ಗಣಿತದ ಮಾಸ್ತರರಿದ್ದರು. ಪರದೇಶದ ಹುಡುಗರಿಗೆ ಇಂಟರ್ನೆಟ್ಟಿನಲ್ಲಿ ಲೆಕ್ಕ ಹೇಳಿಕೊಟ್ಟು ಡಾಲರ್ ಗಳಿಸುತ್ತಿದ್ದರು. ಗಳಿಸಿದ್ದನ್ನು ರೊಕ್ಕ ತರಿಸಿಕೊಡುವ ಕಂಪನಿಯಲ್ಲೇ ಡಾಲರಾಗಿ ಬಿಟ್ಟು, ದರ ಏರಲಿ ಎಂದು ಕಾಯುವುದು ಅವರ ಚಟ. ಆ ವರ್ಷ ಡಾಲರ್ ಇಳಿಯುತ್ತಲೇ ಹೋಯಿತು. ಮಾಸ್ತರರು ಮನೆಯ ಗೋಡೆಗೆ ಗ್ರಾಫ್ ಅಂಟಿಸಿದರು. ಶನಿವಾರ ತುಳಸಿಗೇರಿಗೆ ಹೋಗಿ ಹನುಮಪ್ಪನಿಗೆ ಕಾಯಿ ಒಡೆಸಿದರು. ಗ್ರಾಫ್ ಪಾತಾಳ ಕಂಡಿತು. ಸೋತು, ಇನ್ನೂ ಇಳಿದೀತೆಂದು ಹೆದರಿ, ಒಂದು ದಿನ ಎಲ್ಲವನ್ನೂ ರೂಪಾಯಿ ಮಾಡಿಸಿ ತೆಗೆದರು. ಮರುದಿನ ದರ ಏರಿತು!

ಇನ್ನೊಮ್ಮೆಯೂ ಹಾಗೇ. ಮತ್ತೊಮ್ಮೆಯೂ ಹಾಗೇ.

ಊರಿನಲ್ಲಿ ಡಾಲರ್ ಬರುವ ನಾಲ್ಕೈದು ಜನರಿಗೆ ಇದರ ಸುಳಿವು ಸಿಕ್ಕಿತು. ಆಮೇಲೆ ಅವರು ಪೇಪರ್ ನೋಡುವುದನ್ನೇ ಬಿಟ್ಟರು. ಮುಂಜಾನೆ ಬ್ಯಾಂಕಿಗೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದರು: "ಡಾಲರ್ ಸಾಹೇಬ್ರ, ಮಾಸ್ತರು ರೊಕ್ಕ ತಗದ್ರೇನ್ರಿ?"

ಉದ್ದೇಶ

ಹುನಗುಂದದಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಒಬ್ಬನೇ ನಗುತ್ತೇನೆ. ಅಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಆಚಾರ್ಯರೊಬ್ಬರಿದ್ದರು. ಜಾತಕ ನೋಡುತ್ತಿದ್ದರು. ಹೇಗೋ ಅವರ ಹೆಸರು ಪರದೇಶಕ್ಕೂ ಮುಟ್ಟಿ, ಇ-ಮೇಲಿನಲ್ಲಿ ಜಾತಕಗಳು ಬರತೊಡಗಿದ್ದವು. ಈ ಸಂಗತಿ ಅವರು ಮನೆಯಲ್ಲಿ ಹೇಳಿರಲಿಲ್ಲ.

ಮೊದಲ ಸಲ ರೊಕ್ಕ ಬಂದಾಗ ಬ್ಯಾಂಕಿನಿಂದ ಕರೆ ಹೋಯಿತು. ಪರದೇಶದ ರೊಕ್ಕ ಯಾವ ಉದ್ದೇಶಕ್ಕೆ ಬಂದದ್ದು ಎಂದು ಕೇಳದೆ ನಾವು ಜಮಾ ಮಾಡುವಂತಿರಲಿಲ್ಲ. ಫೋನ್ ಎತ್ತಿದ್ದು ಅವರ ಹೆಂಡತಿ, ಎಲ್ಲರೂ ಬಾಯಾರು ಎಂದು ಕರೆಯುತ್ತಿದ್ದವರು. ಹೀಗಾಗಿ ಇಬ್ಬರೂ ಬಂದರು.

ನಮ್ಮ ಮ್ಯಾನೇಜರದು ಎತ್ತರದ ದನಿ. ಗುಟ್ಟು ಹೇಳಿದರೂ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. "ಆಚಾರ್ರ, ರೊಕ್ಕದ ಜೋಡಿ ಒಂದ್ ಸಾಲು ಬರದು ಕಳಿಸ್ಯಾರ" ಎಂದು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಓದಿದರು: "ನಮ್ಮ ಮದುವಿ ಸಲುವಾಗಿ, ಪ್ರೀತಿಯಿಂದ." ಕೆಳಗೆ ಒಂದು ಹೆಂಗಸಿನ ಹೆಸರು.

ಬ್ಯಾಂಕಿನಲ್ಲಿ ನೋಟು ಎಣಿಸುವ ಸಪ್ಪಳ ನಿಂತುಹೋಯಿತು.

ಬಾಯಾರು ಗಂಡನ ಕಡೆ ತಿರುಗಿ, ಭಾಳ ಮೆಲ್ಲಗೆ ಕೇಳಿದರು: "ಯಾರ ಮದುವಿ?"

ಆಚಾರ್ಯರು ಶಲ್ಯದಿಂದ ಹಣೆ ಒರೆಸಿಕೊಂಡರು. ಮ್ಯಾನೇಜರು ಸಮಾಧಾನ ಮಾಡಲು ಹೋಗಿ ಇನ್ನಷ್ಟು ಕೆಡಿಸಿದರು: "ಬಾಯಾರ, ನೀವೇನು ಚಿಂತಿ ಮಾಡಬ್ಯಾಡ್ರಿ. ಉದ್ದೇಶ ಸರಿ ಇಲ್ಲಂದ್ರ ನಮ್ಮ ಬ್ಯಾಂಕ್ ಒಪ್ಪೂದ ಇಲ್ಲ."

"ಏ, ಅದು ಆಕೀದು ಮತ್ತ ಆಕಿ ಹುಡುಗಂದು ಮದುವಿ!" ಆಚಾರ್ಯರಿಗೆ ಅಂತೂ ಮಾತು ಬಂತು. "ಇಬ್ಬರ ಜಾತಕ ಕೂಡತದೋ ಇಲ್ಲೋ ನೋಡಿ ಕೊಟ್ಟೇನಿ. ಅದರ ದಕ್ಷಿಣಿ ಇದು!"

ಎಲ್ಲರೂ ಉಸಿರು ಬಿಟ್ಟರು. ಬಾಯಾರು ಮಾತ್ರ ಕದಲಲಿಲ್ಲ. "ಕೂಡ್ತೇನು?"

"ಚಲೋ ಕೂಡ್ತು. ಮೂವತ್ತಾರಕ್ಕ ಇಪ್ಪತ್ತೆಂಟು ಗುಣ."

"ನಮ್ಮದೆಷ್ಟು ಕೂಡಿತ್ತು?"

ಆಚಾರ್ಯರು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಮೇಜು ನೋಡಿದೆ. "ನಮ್ಮ ಮದುವಿ," ಅಂದರು, "ನಾ ಜ್ಯೋತಿಷ್ಯ ಕಲಿಯೂಕ್ಕಿಂತ ಮೊದಲ ಆಗಿಬಿಟ್ಟಿತ್ತು."

ನಗು ತಡೆಯಲಾರದೆ ಕ್ಯಾಶಿಯರ್ ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದ. ಬಾಯಾರು ಸೆರಗು ಸರಿ ಮಾಡಿಕೊಂಡು, ಪರ್ಸಿನಿಂದ ತಮ್ಮ ಪಾಸ್‌ಬುಕ್ ತೆಗೆದು ನನ್ನ ಮುಂದೆ ಇಟ್ಟರು.

"ಅವರ ಹೆಸರಿಲೆ ಜಮಾ ಮಾಡಿ, ಅಲ್ಲಿಂದ ಈ ಖಾತೆಕ್ಕ ಹಾಕ್ರಿ ಸಾಹೇಬ್ರ. ಯಾರರೆ ಉದ್ದೇಶ ಕೇಳಿದ್ರ ಹಿಂಗ ಬರೀರಿ: ಗುಣ ಕೂಡದಿದ್ರೂ ಇಷ್ಟು ವರ್ಷ ಬಾಳೇ ಮಾಡ್ಯಾಳ, ಅದರ ದಕ್ಷಿಣಿ."