ಹದಿನೇಳನೇ ನಂಬರಿನ ಹುಡುಗಿ

ಮೂರನೇ ತರಗತಿಯ ಮೇಷ್ಟ್ರಿಗೆ ಆ ದಿನ ಕಷ್ಟ ಬಂದದ್ದು ಹೊಗಳಿಕೆಯಿಂದ. ಬೈಗುಳದಿಂದ ಬಂದಿದ್ದರೆ ಅಭ್ಯಾಸವಿತ್ತು, ಹೇಗೋ ನಿಭಾಯಿಸುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಹೆಡ್‌ಮಿಸ್ ತಮ್ಮ ಕೋಣೆಗೆ ಕರೆದು ಕೂರಿಸಿದರು. ಇಡೀ ಪಟ್ಟಣದ ಶಾಲೆಗಳ ಮಕ್ಕಳ ಕಡತಗಳಲ್ಲಿ ಇವರ ತರಗತಿಯ ಹದಿನೇಳನೇ ನಂಬರಿನ ಹುಡುಗಿಯ ಕಡತವೇ ಅತ್ಯುತ್ತಮವೆಂದು ಆಯ್ಕೆಯಾಗಿದೆಯಂತೆ. ಆ ಮಗುವನ್ನು ಕಣ್ಣಾರೆ ನೋಡಲು ಮಧ್ಯಾಹ್ನ ಎರಡಕ್ಕೆ ಮೇಲಿನಿಂದ ಅಧಿಕಾರಿಣಿ ಬರುತ್ತಾರಂತೆ. ಬರುವಾಗ ಮೇಷ್ಟ್ರ ನೌಕರಿ ಕಾಯಂ ಮಾಡುವ ಪತ್ರವನ್ನೂ ತರುತ್ತಾರಂತೆ. ಮೇಷ್ಟ್ರದು ಆರು ವರ್ಷದಿಂದ ತಾತ್ಕಾಲಿಕ ನೌಕರಿ. ಅವರ ಮಾವ ನೆಂಟರ ಮುಂದೆ ಅಳಿಯನನ್ನೂ ತಾತ್ಕಾಲಿಕವೆಂಬಂತೆಯೇ ಪರಿಚಯಿಸುತ್ತಿದ್ದರು.

ಈ ಕಡತದ ವಿಷಯ ಸ್ವಲ್ಪ ಹೇಳಬೇಕು. ಮಗುವಿಗೆ ಬರೀ ಪಾಠ ಹೇಳಿದರೆ ಸಾಲದು, ಅದರ ದೇಹ, ಮನಸ್ಸು, ಸ್ನೇಹ, ಭಯ ಎಲ್ಲವನ್ನೂ ಸೇರಿಸಿ ಇಡಿಯಾಗಿ ನೋಡಬೇಕು ಎಂದು ಹಿಂದಿನ ವರ್ಷ ಸುತ್ತೋಲೆ ಬಂದಿತ್ತು. ಒಳ್ಳೆಯ ಮಾತು. ಬರೆದವರು ಮಕ್ಕಳನ್ನು ಪ್ರೀತಿಸಿದವರೇ ಇರಬೇಕು. ಆದರೆ ಅದು ಶಾಲೆಗೆ ತಲುಪಿದ ವಾರದೊಳಗೆ ಇಡೀ ಮಗುವನ್ನು ನಾಲ್ಕು ಪಾಲು ಮಾಡಿ ಹಂಚಿಕೊಂಡಾಗಿತ್ತು. ತಲೆ ತರಗತಿಯ ಮೇಷ್ಟ್ರಿಗೆ, ಕೈಕಾಲು ಆಟದ ಮೇಷ್ಟ್ರಿಗೆ, ಕಣ್ಣು ಕಿವಿ ಹಲ್ಲು ಹೊಟ್ಟೆ ನರ್ಸಮ್ಮನಿಗೆ, ಮನಸ್ಸು ವಾರಕ್ಕೊಮ್ಮೆ ಬರುವ ಕೌನ್ಸೆಲರ್ ಮೇಡಂಗೆ. ತಿಂಗಳ ಕೊನೆಯಲ್ಲಿ ನಾಲ್ವರೂ ತಮ್ಮ ಪಾಲಿನ ಬಗ್ಗೆ ಎರಡೆರಡು ಸಾಲು ಗೀಚಿ, ತೊಂದರೆ ಇದ್ದಲ್ಲಿ ಕೆಂಪು ಗುರುತು ಹಾಕಿ ಸಹಿ ಮಾಡುತ್ತಿದ್ದರು.

ಮೇಷ್ಟ್ರು ಹಿಗ್ಗುತ್ತ ಮೆಟ್ಟಿಲು ಹತ್ತಿದರು. ಅರ್ಧ ಹತ್ತಿದಾಗ ಹದಿನೇಳನೇ ನಂಬರಿನ ಮುಖ ನೆನಪು ಮಾಡಿಕೊಳ್ಳಲು ನೋಡಿದರು. ಬರಲಿಲ್ಲ. ಪೂರ್ತಿ ಹತ್ತಿದರೂ ಬರಲಿಲ್ಲ. ತರಗತಿಗೆ ಹೋಗಿ ಹಾಜರಿ ಕೂಗತೊಡಗಿದರು. ಹದಿನೇಳು ಎಂದಾಗ ಎಂದಿನಂತೆ "ಎಸ್ ಸರ್" ಬಂತು. ಎಷ್ಟೋ ತಿಂಗಳ ಮೇಲೆ ಪುಸ್ತಕದಿಂದ ತಲೆ ಎತ್ತಿ ನೋಡಿದರೆ, ಆ ದನಿ ಹದಿನಾರನೇ ನಂಬರಿನ ಲೀಡರ್ ಹುಡುಗಿಯದು.

ಹದಿನೇಳು ಎಲ್ಲಿ ಎಂದು ಕೇಳಿದರು.

"ಅವಳು ಊರು ಬಿಟ್ಟು ಹೋದ್ಲಲ್ಲ ಸರ್, ಮೊದಲನೇ ಪರೀಕ್ಷೆ ಆದ್ಮೇಲೆ," ಎಂದಳು ಲೀಡರ್. "ನಿಮಗೆ ಹೇಳೋಕೆ ಬಂದಿದ್ಲು. ನೀವು ಆಮೇಲೆ ಹೇಳು ಅಂದ್ರಿ."

ಪೂರ್ತಿ ಹಾಜರಿ ಇರುವ ತರಗತಿಯ ಬಾಗಿಲಿಗೆ ನಕ್ಷತ್ರ ಅಂಟಿಸುವ ಪದ್ಧತಿಯಿತ್ತು. ಒಬ್ಬಳು ಹೋದಳೆಂದು ನಕ್ಷತ್ರ ಕಳೆದುಕೊಳ್ಳಲು ಮಕ್ಕಳಿಗೆ ಮನಸ್ಸಾಗಿರಲಿಲ್ಲ. ಐದು ತಿಂಗಳಿಂದ ಸರದಿಯ ಮೇಲೆ ಹದಿನೇಳನ್ನು ಹಾಜರು ಮಾಡಿಸುತ್ತಿದ್ದರು.

ಮೇಷ್ಟ್ರು ಸ್ಟಾಫ್ ರೂಮಿಗೆ ಓಡಿ ಕಡತ ತೆರೆದರು. ಓದಿನಲ್ಲಿ ಸ್ಥಿರ ಪ್ರಗತಿ ಎಂದು ಅವರದೇ ಅಕ್ಷರದಲ್ಲಿತ್ತು. ಓಟದಲ್ಲಿ ಚುರುಕು, ಗೆಳತಿಯರೊಂದಿಗೆ ಹೊಂದಿಕೊಳ್ಳುತ್ತಾಳೆ ಎಂದು ಆಟದ ಮೇಷ್ಟ್ರು ಬರೆದಿದ್ದರು. ಎತ್ತರ ಎರಡು ಸೆಂಟಿಮೀಟರ್ ಹೆಚ್ಚಿದೆ, ಕಣ್ಣು ಕಿವಿ ಶುಭ್ರ ಎಂದು ನರ್ಸಮ್ಮ. ಮನಸ್ಸು ಬಿಚ್ಚಿ ಮಾತಾಡುತ್ತಾಳೆ, ಯಾವ ಭಯವೂ ಇಲ್ಲ ಎಂದು ಕೌನ್ಸೆಲರ್ ಮೇಡಂ. ಶಾಲೆಗೆ ಬರುವ ಮಕ್ಕಳು ಬೀಳುತ್ತಿದ್ದರು, ಅಳುತ್ತಿದ್ದರು, ಜ್ವರ ಬರಿಸಿಕೊಳ್ಳುತ್ತಿದ್ದರು, ಅವರ ಕಡತಗಳಲ್ಲಿ ಕೆಂಪು ಮೂಡುತ್ತಿತ್ತು. ಇವಳೊಬ್ಬಳು ಐದು ತಿಂಗಳಿಂದ ಯಾರಿಗೂ ಒಂದು ಚೂರು ತೊಂದರೆ ಕೊಟ್ಟಿರಲಿಲ್ಲ.

ಮೂವರನ್ನೂ ಹಿಡಿದು ಕೇಳಿದ್ದಾಯಿತು. ಎಲ್ಲ ಮಕ್ಕಳೂ ಅಷ್ಟಷ್ಟೇ ಬೆಳೆಯುತ್ತಾರೆ, ಪ್ರತಿಯೊಬ್ಬರನ್ನೂ ಗೋಡೆಗೆ ನಿಲ್ಲಿಸಿ ಅಳೆಯುವುದೇನಿದೆ ಎಂದರು ನರ್ಸಮ್ಮ. ವಾರಕ್ಕೊಂದು ದಿನದಲ್ಲಿ ನಾನೂರು ಮನಸ್ಸು ಬಿಚ್ಚಿಸಲು ತಾನೇನು ದೇವರೇ ಎಂದು ಕೌನ್ಸೆಲರ್ ಮೇಡಂ ಕಣ್ಣೀರೇ ಹಾಕಿದರು. ಆಟದ ಮೇಷ್ಟ್ರು ಮಾತ್ರ, ಊರು ಬಿಟ್ಟು ಓಡಿದವಳು ಓಟದಲ್ಲಿ ಚುರುಕಲ್ಲದೆ ಇನ್ನೇನು ಎಂದು ತಮಾಷೆ ಮಾಡಿ ಬೈಸಿಕೊಂಡರು. ಕೊನೆಗೆ ಹೆಡ್‌ಮಿಸ್ ಹತ್ತಿರ ನಿಜ ಹೇಳಿಬಿಡೋಣವೆಂದು ಹೋದರೆ ಅವರು ಮೇಷ್ಟ್ರ ಮುಖವನ್ನೇ ನೋಡುತ್ತ ತಣ್ಣಗೆ ಕೇಳಿದರು.

"ಹಾಜರಿ ಪುಸ್ತಕದಲ್ಲಿ ಸಹಿ ಯಾರದು? ನಿಮ್ಮದೇ ತಾನೆ? ಎರಡು ಗಂಟೆಗೆ ಇಲ್ಲೊಂದು ಹದಿನೇಳು ನಿಂತಿರಬೇಕು."

ಯಾರನ್ನು ನಿಲ್ಲಿಸುವುದು? ಲೀಡರ್ ಹುಡುಗಿ ಎರಡು ನಿಮಿಷದಲ್ಲಿ ಎಲ್ಲ ಒದರಿಬಿಡುವಳು. ಬೇರೆ ತರಗತಿಯವರಾದರೆ ಅವರಮ್ಮಂದಿರು ಸಂಜೆ ಜಗಳಕ್ಕೆ ಬರುವರು. ಹೆಚ್ಚು ಮಾತಾಡದ, ಇಲ್ಲದಿದ್ದರೂ ಯಾರೂ ಹುಡುಕದ ಮಗು ಬೇಕಿತ್ತು. ಅಂಥ ಒಬ್ಬಳು ಅದೇ ತರಗತಿಯ ಕೊನೇ ಬೆಂಚಿನಲ್ಲಿ ಒಂಟಿಯಾಗಿ ಕೂತಿದ್ದಳು, ಮೂವತ್ತೊಂದನೇ ನಂಬರು. ಅವಳ ಕಡತವೆಂದರೆ ಮೊದಲಿಂದ ಕೊನೆಯವರೆಗೆ ಕೆಂಪು. ಕರೆದರೆ ತಿರುಗುವುದಿಲ್ಲ, ಬೆರೆಯುವುದಿಲ್ಲ, ಕೇಳಿದ್ದಕ್ಕೆ ಉತ್ತರವಿಲ್ಲ, ಹಠಮಾರಿ. ಮೇಷ್ಟ್ರು ಹಾಜರಿಯಲ್ಲಿ ಅವಳ ನಂಬರಿನ ಮುಂದೆ ಗೈರು ಎಂದು ಬರೆದು, ಅವಳನ್ನು ಎಬ್ಬಿಸಿಕೊಂಡು ಬಂದರು.

ಉಳಿದ ಮೂರು ಗಂಟೆಗಳಲ್ಲಿ ಅವಳನ್ನು ಇಡೀ ಮಗುವನ್ನಾಗಿ ಮಾಡಬೇಕಿತ್ತು. ನಾಲ್ವರೂ ತಮ್ಮ ನೌಕರಿಯಲ್ಲಿ ಎಂದೂ ಮಾಡದಷ್ಟು ಕೆಲಸವನ್ನು ಆ ಮೂರು ಗಂಟೆಯಲ್ಲಿ ಮಾಡಿದರು. ಆಟದ ಮೇಷ್ಟ್ರು ಅವಳ ಜೊತೆ ತಾವೇ ಎರಡು ಸುತ್ತು ಓಡಿ ಏದುಸಿರು ಬಿಟ್ಟರು, ಅವಳು ಬಿಡಲಿಲ್ಲ. ನರ್ಸಮ್ಮ ನಿಜವಾದ ಅಳತೆಪಟ್ಟಿ ಹುಡುಕಿ ಎತ್ತರ ಅಳೆದರು, ಗಂಟುಗಂಟಾದ ಕೂದಲಿಗೆ ಎಣ್ಣೆ ಹಚ್ಚಿ ಬಾಚಿದರು. ಬಾಚುವಾಗ ಎಡಗಿವಿ ಸೋರಿ ಒಣಗಿದ್ದು ಕಂಡಿತು. ಆ ಕಡೆ ನಿಂತು ಮೆಲ್ಲಗೆ ಕರೆದರು, ತಿರುಗಲಿಲ್ಲ. ಬಲಗಡೆ ಬಂದು ಕರೆದರು, ತಿರುಗಿದಳು. ನರ್ಸಮ್ಮ ಬಲಗಡೆಯೇ ಕೂತು ಜಡೆ ಹೆಣೆದರು.

ಹದಿನೇಳರ ಮನಸ್ಸನ್ನು ಇವಳಿಗೆ ಕಲಿಸಲು ಕೂತ ಕೌನ್ಸೆಲರ್ ಮೇಡಂ, ಅಧಿಕಾರಿಣಿ ಕೇಳಿದರೆ ಭಯ ಇಲ್ಲ ಎನ್ನಬೇಕು ಎಂದು ಬಲಗಿವಿಯಲ್ಲಿ ಹೇಳಿಕೊಟ್ಟರು. ಹುಡುಗಿ ಭಯ ಇದೆಯಲ್ಲ ಎಂದಳು. ಅಮ್ಮ ಆಸ್ಪತ್ರೆ ಸೇರಿ ತಿಂಗಳಾಯಿತು, ಅಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಜಡೆ ತಾನೇ ಹಾಕಿಕೊಳ್ಳುತ್ತೇನೆ, ಅಮ್ಮ ಬರುತ್ತಾಳೋ ಇಲ್ಲವೋ ಯಾರೂ ಹೇಳುತ್ತಿಲ್ಲ ಎಂದೆಲ್ಲ ಹೇಳಿದಳು. ಮೇಷ್ಟ್ರು ಮುಂದಿನ ಬೆಂಚಿನಲ್ಲಿ ಅವಳ ಬಲಗಡೆ ಕೂತು ಪಾಠ ಓದಿಸಿದರೆ ಎರಡು ಪುಟ ತಡವರಿಸದೆ ಓದಿದಳು. ಮೇಷ್ಟ್ರಿಗೆ ಸಂತೋಷವಾಗಬೇಕಿತ್ತು, ನಾಚಿಕೆಯಾಯಿತು. ಆದರೆ ಎರಡು ಗಂಟೆ ಹತ್ತಿರ ಬಂದಿತ್ತು, ನಾಚಿಕೆಗೆ ಪುರುಸೊತ್ತಿರಲಿಲ್ಲ.

ಉಳಿದ ಮಕ್ಕಳನ್ನೆಲ್ಲ ಬಯಲಿಗೆ ಆಡಲು ಅಟ್ಟಿ, ಹುಡುಗಿಯನ್ನು ಹೆಡ್‌ಮಿಸ್ ಕೋಣೆಯಲ್ಲಿ ನಿಲ್ಲಿಸಿ, ನಾಲ್ವರೂ ಒಂದು ಬದಿಗೆ ಕೂತರು. ಅಧಿಕಾರಿಣಿ ಒಳ್ಳೆಯ ಹೆಂಗಸು. ಹುಡುಗಿಯ ಬಲಗೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡು ಮಾತಾಡಿಸಿದರು, ಓದಿಸಿದರು, ಇಷ್ಟು ಅರಳಿದ ಮಗುವನ್ನು ತಾವು ನೋಡೇ ಇಲ್ಲ ಎಂದರು. ಪತ್ರ ಚೀಲದಿಂದ ಹೊರಬಂದು ಮೇಜಿನ ಮೇಲೆ ಕೂತಿತು. ಮೇಷ್ಟ್ರ ಹೆಸರು ತಲೆಕೆಳಗಾಗಿ ಕಂಡರೂ ಚಂದ ಕಾಣುತ್ತಿತ್ತು.

ಆಮೇಲೆ ಅಧಿಕಾರಿಣಿ ಇನ್ನೊಂದು ಕಡತ ತೆಗೆದರು. ಹೊರಗೆ ನಿಂತ ವ್ಯಾನಿನಲ್ಲಿ ಕಿವಿ ಡಾಕ್ಟರು ಇದ್ದಾರೆ, ಕೆಂಪು ಗುರುತು ಹೆಚ್ಚಿರುವವರನ್ನು ಮಾತ್ರ ನೋಡುತ್ತಾರೆ, ಈ ಶಾಲೆಯಿಂದ ಮೂವತ್ತೊಂದನೇ ನಂಬರಿನ ಒಬ್ಬಳೇ ಪಟ್ಟಿಯಲ್ಲಿದ್ದಾಳೆ, ಕರೆಯಿರಿ ಎಂದರು. ಹೆಡ್‌ಮಿಸ್ ಹಾಜರಿ ಪುಸ್ತಕ ತೋರಿಸಿ ಇವತ್ತು ಗೈರು ಎಂದರು. ಹಾಗಾದರೆ ಮುಂದಿನ ವರ್ಷವೇ ಸರಿ ಎಂದು ಅಧಿಕಾರಿಣಿ ಪಟ್ಟಿಯ ಮೇಲೆ ಗೀಟು ಎಳೆಯಲು ಪೆನ್ನು ತೆಗೆದರು.

ಮೇಷ್ಟ್ರು ಪತ್ರವನ್ನೊಮ್ಮೆ ನೋಡಿದರು. ಹುಡುಗಿಯ ಎಡಗಿವಿಯನ್ನೊಮ್ಮೆ ನೋಡಿದರು. ಆರು ವರ್ಷದಲ್ಲಿ ಒಂದು ಸಲವೂ ಎದುರು ಮಾತಾಡದ ಮನುಷ್ಯ ಎದ್ದು ನಿಂತರು.

"ಮೇಡಂ, ಇವಳೇ ಮೂವತ್ತೊಂದು. ಹದಿನೇಳು ಊರು ಬಿಟ್ಟು ಐದು ತಿಂಗಳಾಯ್ತು, ನಾವೆಲ್ಲ ನೋಡದೆ ಬರೆದಿದ್ದೀವಿ. ಪತ್ರ ನೀವೇ ಇಟ್ಕೊಳ್ಳಿ. ಇವಳ ಕಿವಿ ತೋರಿಸಿ ಸಾಕು."

ಅಧಿಕಾರಿಣಿ ಇದು ನಿಜವೇ ಎಂದು ನರ್ಸಮ್ಮನನ್ನು ಕೇಳಿದರು. ನರ್ಸಮ್ಮ ನೆಲ ನೋಡುತ್ತ, ಹದಿನೇಳರ ಕಡತದಲ್ಲಿ ಇರುವುದೇ ಸರಿ ಎಂದರು. ಆಟದ ಮೇಷ್ಟ್ರೂ ಕೌನ್ಸೆಲರ್ ಮೇಡಂ ಕೂಡ ಕಿಟಕಿಯ ಹೊರಗೆ ಏನೋ ನೋಡುತ್ತಿದ್ದರು. ಅಧಿಕಾರಿಣಿ ಹುಡುಗಿಯ ಕಡೆಗೇ ತಿರುಗಿ, ಬಿಡಿಸಿ ಬಿಡಿಸಿ ಕೇಳಿದರು.

"ಪುಟ್ಟಾ, ನಿಜ ಹೇಳು. ನೀನು ಮೂವತ್ತೊಂದಾ?"

ಹುಡುಗಿಗೆ ಚೆನ್ನಾಗಿಯೇ ಕೇಳಿಸಿತು. ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದಳು, ಜಡೆಯ ತುದಿ ಮುಟ್ಟಿಕೊಂಡಳು.

"ಅಲ್ಲ ಮೇಡಂ. ನಾನು ಹದಿನೇಳು."

ಅಷ್ಟೇ ಅಲ್ಲ, ಓಟದಲ್ಲಿ ಚುರುಕು, ಕಿವಿ ಶುಭ್ರ, ಯಾವ ಭಯವೂ ಇಲ್ಲ ಎಂದು ಪೂರ್ತಿ ಒಪ್ಪಿಸಿದಳು. ಹೆಡ್‌ಮಿಸ್ ನಿಟ್ಟುಸಿರು ಬಿಟ್ಟು, ಮೇಷ್ಟ್ರಿಗೆ ಕೆಲಸದ ಒತ್ತಡ ಹೆಚ್ಚಾಗಿದೆ ಎಂದರು. ಅಧಿಕಾರಿಣಿಗೆ ನಿಜವಾಗಿಯೂ ಮರುಕವಾಯಿತು. ಮಕ್ಕಳಂತೆ ಶಿಕ್ಷಕರನ್ನೂ ಇಡಿಯಾಗಿ ನೋಡಬೇಕು ಎಂದು ಹೇಳಿ, ಮೇಷ್ಟ್ರ ಹೆಸರಿನಲ್ಲಿ ಹೊಸ ಕಡತವೊಂದನ್ನು ತೆರೆಸಿ, ಮನಸ್ಸು ಎಂಬಲ್ಲಿ ಕೆಂಪು ಗುರುತು ಹಾಕಿದರು. ಗುಣವಾದ ಮೇಲೆ ನೋಡೋಣವೆಂದು ಪತ್ರವನ್ನು ಚೀಲಕ್ಕೆ ಹಾಕಿಕೊಂಡರು. ಪಟ್ಟಿಯ ಮೇಲೆ ಗೀಟೂ ಬಿತ್ತು.

ವ್ಯಾನು ಗೇಟು ದಾಟುವಾಗ ಮೇಷ್ಟ್ರು ಮತ್ತು ಹುಡುಗಿ ವರಾಂಡದಲ್ಲಿ ನಿಂತಿದ್ದರು. ಮೇಷ್ಟ್ರು ಅವಳ ಬಲಗಡೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಯಾಕೆ ಹಾಗೆ ಹೇಳಿದೆ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು.

"ಮೂವತ್ತೊಂದರ ಹತ್ರ ಯಾರೂ ಮಾತಾಡಲ್ಲ ಸರ್," ಎಂದಳು ಅವಳು. "ನಾನು ಇನ್ಮೇಲೆ ಹದಿನೇಳೇ ಇರ್ತೀನಿ. ನಾಳೆನೂ ನರ್ಸಮ್ಮ ತಲೆ ಬಾಚ್ತಾರಲ್ವಾ?"

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ಅವಳು ಬಲಗಿವಿ ಮುಂದೆ ಮಾಡಿ ಕಾಯುತ್ತಲೇ ಇದ್ದಳು.